ಪಥೇರ್ ಪಾಂಚಾಲಿ ಓದಿದ ಮೇಲೆ ಸಿನಿಮಾ ಸುಳ್ಳು ಅನ್ನಿಸಿದರೆ

ಓದುಗರ ಪ್ರಶ್ನೆ: ನಾನು ಶಿವಮೊಗ್ಗ ಜಿಲ್ಲೆಯ ಒಂದು ಸಣ್ಣ ಊರಿನಲ್ಲಿ ಹೈಸ್ಕೂಲ್ ಕನ್ನಡ ಟೀಚರ್. ಹನ್ನೆರಡು ಜನ ಸೇರಿ ಓದುಗರ ಬಳಗ ಮಾಡಿಕೊಂಡಿದ್ದೇವೆ, ವರ್ಷಕ್ಕೊಂದು ನಾಟಕ ಆಡುತ್ತೇವೆ. ಈ ಸಲ ಬಂಗಾಳಿ ಕಾದಂಬರಿ 'ಪಥೇರ್ ಪಾಂಚಾಲಿ' ಆಡಬೇಕು ಅಂತ ಹೊರಟೆವು. ಸತ್ಯಜಿತ್ ರಾಯ್ ಅದರಿಂದ ಮಾಡಿದ ಸಿನಿಮಾ ನೋಡಿ ಹಿಂದೆ ತುಂಬಾ ಅತ್ತಿದ್ದೆ. ಈಗ ಕಾದಂಬರಿಯನ್ನು ಅನುವಾದದಲ್ಲಿ ಓದಿದರೆ ಗೊಂದಲ ಆಗಿದೆ. ಮುದುಕಿ ಇಂದಿರ್ ಠಾಕ್ರುಣ್ ಶುರುವಿನಲ್ಲೇ ಸತ್ತುಹೋಗುತ್ತಾಳೆ. ಅಕ್ಕ ದುರ್ಗಾ, ತಮ್ಮ ಅಪು ರೈಲು ಹುಡುಕಿಕೊಂಡು ಓಡುತ್ತಾರೆ, ಆದರೆ ರೈಲು ಕಾಣುವುದೇ ಇಲ್ಲ. ಹಾಗಾದರೆ ನಾನು ಅತ್ತಿದ್ದು ಯಾವುದಕ್ಕೆ? ಬಳಗದಲ್ಲಿ ಎರಡು ಪಕ್ಷ ಆಗಿದೆ. ಒಬ್ಬರು "ಬಂಗಾಳದವರು ಮೂಲ ಮುಟ್ಟುವುದಿಲ್ಲ, ಕೆಡಿಸಿದ್ದೆಲ್ಲ ಬಾಂಬೆಯವರು, ನಾವೂ ಪುಸ್ತಕದ ಒಂದಕ್ಷರ ಬಿಡಬಾರದು" ಅನ್ನುತ್ತಾರೆ. ಇನ್ನೊಬ್ಬರು "ಸಿನಿಮಾನೇ ಸಿದ್ಧ ನಾಟಕ, ಸುಮ್ನೆ ಅದನ್ನೇ ಆಡೋಣ" ಅನ್ನುತ್ತಾರೆ. ಬಂಗಾಳಿ ನಮಗ್ಯಾರಿಗೂ ಬರುವುದಿಲ್ಲ. ಅನುಮತಿ ಬೇಕಾ, ಯಾರನ್ನು ಕೇಳಬೇಕು ಅನ್ನುವುದೂ ಗೊತ್ತಿಲ್ಲ. ಏನು ಮಾಡೋಣ?

ಉತ್ತರ: ಮೇಡಂ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಾಟಕ ಹೇಗೆ ಆಡಬೇಕು ಅನ್ನುವುದು ಅದರ ಹೊರಗಿನ ಪ್ರಶ್ನೆ. ಒಳಗಿನ ಪ್ರಶ್ನೆ ಬೇರೆ ಇದೆ: ಸಿನಿಮಾ ನನಗೆ ಮೋಸ ಮಾಡಿತಾ? ಇದೇ ಪ್ರಶ್ನೆ ನನ್ನನ್ನೂ ಕಾಡಿದೆ. ಇಪ್ಪತ್ತೆರಡು ವರ್ಷದಿಂದ ಬಂಗಾಳಿಯಿಂದ ಕನ್ನಡಕ್ಕೆ ಅನುವಾದ ಮಾಡುತ್ತಿದ್ದೇನೆ, ಅಲ್ಲಿನ ಕಥೆಗಳನ್ನು ರಂಗಕ್ಕೆ ತರುವವರ ಜೊತೆ ಕೂತಿದ್ದೇನೆ. ಹಾಗಾಗಿ ಇದಕ್ಕೆ ಉತ್ತರ ಕೊಟ್ಟೇ ನಾಟಕದ ಮಾತಿಗೆ ಬರುತ್ತೇನೆ.

ಮೊದಲು ನಿಮ್ಮ ಸ್ನೇಹಿತರ ನಂಬಿಕೆ ನೋಡೋಣ. ಬಂಗಾಳದವರು ಮೂಲ ಮುಟ್ಟುವುದಿಲ್ಲ ಅನ್ನುವುದು ನಿಜವಲ್ಲ. ಅವರು ಮೊದಲಿನಿಂದಲೂ ಮುಟ್ಟುತ್ತಲೇ ಬಂದಿದ್ದಾರೆ. 'ದೇವದಾಸ್' ತಗೊಳ್ಳಿ. ದೇವದಾಸ ಪಾರ್ವತಿಯ ಗಂಡನ ಮನೆ ಮುಂದೆ ಸಾಯುತ್ತಿದ್ದಾನೆ, ಅವಳು ಓಡಿ ಬರುತ್ತಿದ್ದಾಳೆ, ದೊಡ್ಡ ಬಾಗಿಲು ಮುಚ್ಚಿಕೊಳ್ಳುತ್ತದೆ. ಸಿನಿಮಾ ನೋಡಿದ ಎಲ್ಲರಿಗೂ ಈ ಬಾಗಿಲು ನೆನಪಿದೆ. 1917ರಲ್ಲಿ ಅಚ್ಚಾದ ಶರತ್‌ಚಂದ್ರರ ಪುಸ್ತಕದಲ್ಲಿ ಆ ಬಾಗಿಲೇ ಇಲ್ಲ. ಅಲ್ಲಿ ಅವನು ಸತ್ತು, ಹೆಣ ಸಾಗಿಸಿದ ಮೇಲೆ ಅವಳಿಗೆ ಸುದ್ದಿ ಗೊತ್ತಾಗುತ್ತದೆ. ಬಾಗಿಲು ಬಂದದ್ದು 1935ರಲ್ಲಿ, ಪಿ.ಸಿ. ಬರುವಾ ಕಲ್ಕತ್ತೆಯಲ್ಲಿ ಮಾಡಿದ ಬಂಗಾಳಿ ಸಿನಿಮಾದಲ್ಲಿ. ಅಂದರೆ ಬದಲಾಯಿಸಿದ್ದು ಬಂಗಾಳದವರೇ.

ಬಾಂಬೆಯವರು ಬದಲಾಯಿಸಲಿಲ್ಲವಾ? ಬದಲಾಯಿಸಿದರು. ಪಾರ್ವತಿ ಮತ್ತು ಚಂದ್ರಮುಖಿ ಕಾದಂಬರಿಯಲ್ಲಿ ಒಮ್ಮೆಯೂ ಎದುರಾಗುವುದಿಲ್ಲ. ಬಿಮಲ್ ರಾಯ್ ಅವರ 1955ರ ಹಿಂದಿ ಸಿನಿಮಾದಲ್ಲಿ ಒಬ್ಬಳು ಪಲ್ಲಕ್ಕಿಯಲ್ಲಿ, ಇನ್ನೊಬ್ಬಳು ನಡೆದು, ದಾರಿಯಲ್ಲಿ ಒಬ್ಬರನ್ನೊಬ್ಬರು ಒಂದು ಗಳಿಗೆ ನೋಡುತ್ತಾರೆ. ಮಾತಿಲ್ಲ. 2002ರ ಸಿನಿಮಾದಲ್ಲಿ ಇಬ್ಬರೂ ಸೇರಿ ಕುಣಿಯುತ್ತಾರೆ. ಒಂದು ನೋಟ ಒಂದು ಕುಣಿತ ಆಯಿತು. ಬಿಮಲ್ ರಾಯ್ ಬೆಳೆದದ್ದೂ ಕಲ್ಕತ್ತೆಯ ನ್ಯೂ ಥಿಯೇಟರ್ಸ್ ಅನ್ನುವ ಸಿನಿಮಾ ಕಂಪನಿಯಲ್ಲೇ, ಬರುವಾ ಅವರ ಹಿಂದಿ 'ದೇವದಾಸ್'ಗೆ ಕ್ಯಾಮೆರಾ ಹಿಡಿದದ್ದು ಅವರೇ. ಆಮೇಲೆ ಬಾಂಬೆಗೆ ಹೋಗಿ 'ಪರಿಣೀತಾ', 'ಬಿರಾಜ್ ಬಹೂ' ಮಾಡಿದರು. ಹಾಗಾಗಿ ಬಂಗಾಳ, ಬಾಂಬೆ ಅಂತ ಗೆರೆ ಎಳೆದು ಒಂದು ಕಡೆ ಪುಣ್ಯ, ಇನ್ನೊಂದು ಕಡೆ ಪಾಪ ಅನ್ನುವ ಹಾಗಿಲ್ಲ.

ಈ ಮುಟ್ಟುವ ಚಾಳಿ ಸಿನಿಮಾಕ್ಕಿಂತ ಹಳೆಯದು. ಬಂಕಿಮಚಂದ್ರರ 'ದುರ್ಗೇಶನಂದಿನಿ' ಬಂದದ್ದು 1865ರಲ್ಲಿ. 1872ರಲ್ಲಿ ಕಲ್ಕತ್ತೆಯಲ್ಲಿ ಟಿಕೆಟ್ ಇಟ್ಟು ಎಲ್ಲರಿಗೂ ನಾಟಕ ತೋರಿಸುವ ನ್ಯಾಷನಲ್ ಥಿಯೇಟರ್ ಶುರುವಾಯಿತು. ಮುಂದಿನ ವರ್ಷ ಬೆಂಗಾಲ್ ಥಿಯೇಟರ್ ಹೆಣ್ಣು ಪಾತ್ರಕ್ಕೆ ಹೆಣ್ಣುಮಕ್ಕಳನ್ನೇ ತಂದಿತು. ಆಡಲು ಹೊಸ ಹೊಸ ನಾಟಕ ಬೇಕು, ಬರೆಯುವವರು ಕಡಿಮೆ. ಜನರ ಬಾಯಲ್ಲಿ ಆಗಲೇ ಓಡಾಡುತ್ತಿದ್ದದ್ದು ಬಂಕಿಮರ ಕಾದಂಬರಿಗಳು. ಸಹಜವಾಗಿ ಎಲ್ಲರೂ ಅವಕ್ಕೇ ಕೈ ಹಾಕಿದರು. ನಟ, ನಾಟಕಕಾರ ಗಿರೀಶಚಂದ್ರ ಘೋಷ್ ಅವನ್ನು ಒಂದಾದ ಮೇಲೊಂದು ರಂಗಕ್ಕೆ ತಂದರು. ಬಿನೋದಿನಿ ದಾಸಿ ಅನ್ನುವ ದೊಡ್ಡ ನಟಿ ಬಂಕಿಮರ ನಾಯಕಿಯರಿಗೆ ಮೈ, ದನಿ ಕೊಟ್ಟಳು. 'ಮೃಣಾಲಿನಿ'ಯಲ್ಲಿ ಅವಳ ಮನೋರಮೆಯನ್ನು ನೋಡಿ ಬಂಕಿಮರು, ಪುಸ್ತಕದಲ್ಲಿ ಬರೆದವಳನ್ನು ಹೀಗೆ ಕಣ್ಣೆದುರು ನೋಡುತ್ತೇನೆ ಅಂದುಕೊಂಡಿರಲಿಲ್ಲ ಎಂದರಂತೆ.

ಇನ್ನೊಂದು ಕಾರಣ ಪತ್ರಿಕೆ. ಈ ಕಾದಂಬರಿಗಳಲ್ಲಿ ಬಹಳಷ್ಟು ಮಾಸಪತ್ರಿಕೆಗಳಲ್ಲಿ ಕಂತು ಕಂತಾಗಿ ಬಂದವು. ಕಂತು ಅಂದರೆ ಕೊನೆಯಲ್ಲಿ ಒಂದು ಕೊಕ್ಕೆ ಇರಲೇಬೇಕು, ಮಾತು ಜಾಸ್ತಿ ಇರಬೇಕು, ಜನ ಒಳಗೆ ಬರಬೇಕು, ಹೊರಗೆ ಹೋಗಬೇಕು. ಶರತ್‌ಚಂದ್ರರದಂತೂ ಅರ್ಧ ನಾಟಕವೇ. ಒಂದು ಅಡುಗೆಮನೆ, ಒಂದು ಹಜಾರ, ಇಬ್ಬರು ಹೆಂಗಸರು, ಮಧ್ಯೆ ಒಂದು ಮಗು, ಅಷ್ಟು ಸಾಕು ಅವರಿಗೆ. 1931ರಲ್ಲಿ ನ್ಯೂ ಥಿಯೇಟರ್ಸ್ ಮಾಡಿದ ಮೊದಲ ಟಾಕಿಯೂ ಅವರ ಕಾದಂಬರಿಯದೇ, 'ದೇನಾ ಪಾವನಾ'.

ಆದರೆ 'ಪಥೇರ್ ಪಾಂಚಾಲಿ' ಈ ಜಾತಿಗೆ ಸೇರಿದ್ದಲ್ಲ. ನಿಮ್ಮ ಕಷ್ಟ ಶುರುವಾಗುವುದು ಇಲ್ಲೇ. ವಿಭೂತಿಭೂಷಣ ಬಂದ್ಯೋಪಾಧ್ಯಾಯರು ಇದನ್ನು 1928ರಲ್ಲಿ 'ವಿಚಿತ್ರಾ' ಪತ್ರಿಕೆಯಲ್ಲಿ ಕಂತಾಗಿ ಬರೆದರು, ಮರುವರ್ಷ ಪುಸ್ತಕ ಬಂತು. ಕಂತಾದರೂ ಕೊಕ್ಕೆ ಇಲ್ಲ. ಕಾದಂಬರಿ ಸುಮ್ಮನೆ ಅಲೆಯುತ್ತದೆ. ಒಂದು ಮಧ್ಯಾಹ್ನ, ಒಂದು ಬಿದಿರುಮೆಳೆ, ಯಾರದೋ ತೋಟದ ಮಾವಿನಕಾಯಿ, ಉಪ್ಪು ಹಾಕಿಕೊಂಡು ಕದ್ದು ತಿನ್ನುವುದು. ಹಳ್ಳಿಯ ಬಡ ಬದುಕು ಅಲೆಯುತ್ತದೆ, ಹಾಗಾಗಿ ಚಿತ್ರಕಥೆಯಲ್ಲೂ ಆ ಅಲೆದಾಟ ಉಳಿಯಬೇಕು ಅನ್ನುವ ಅರ್ಥದಲ್ಲಿ ಸತ್ಯಜಿತ್ ರಾಯ್ ಅವರೇ ಬರೆದಿದ್ದಾರೆ. "ಸಿನಿಮಾನೇ ಸಿದ್ಧ ನಾಟಕ" ಅನ್ನುವ ಸ್ನೇಹಿತರಿಗೆ ಇದನ್ನು ಹೇಳಿ. ಸಿನಿಮಾವೂ ಅಲೆಯುತ್ತದೆ, ಆದರೆ ಅಲೆಯಲು ಅದಕ್ಕೆ ಕ್ಯಾಮೆರಾ ಇದೆ. ಕೊಳದ ಮೇಲೆ ಓಡುವ ನೀರುಹುಳು, ಮಳೆಯ ಮೊದಲ ಹನಿ ಬೀಳುವ ಬೋಳುತಲೆ, ಇದೆಲ್ಲ ನಿಮ್ಮ ಸ್ಟೇಜಿಗೆ ಬರುವುದಿಲ್ಲ.

ಈಗ ಇಂದಿರ್ ಠಾಕ್ರುಣ್ ವಿಷಯ. ಕಾದಂಬರಿಯ ಮೊದಲ ಭಾಗಕ್ಕೆ 'ಬಲ್ಲಾಳಿ ಬಾಲಾಯ್' ಅಂತ ಹೆಸರು. ಕುಲೀನ ಬ್ರಾಹ್ಮಣರಲ್ಲಿ ಒಬ್ಬ ಗಂಡ ಊರೂರಿನಲ್ಲಿ ಹೆಂಡತಿಯರನ್ನು ಮಾಡಿಕೊಂಡು, ಯಾವಾಗಲೋ ಒಮ್ಮೆ ಬಂದು ಹೋಗುತ್ತಿದ್ದ ಕಾಲದ ಪಿಡುಗು ಅದು. ಇಂದಿರ್ ಅಂಥ ಒಬ್ಬನ ಹೆಂಡತಿ, ಆ ಕಾಲದ ಉಳಿಕೆ. ಅಪು ಇನ್ನೂ ಕೂಸಾಗಿರುವಾಗಲೇ ಅವಳು ಸಾಯುತ್ತಾಳೆ. ಅವಳ ಸಾವಿನ ಜೊತೆಗೆ ಅವರ ಹಳ್ಳಿ ನಿಶ್ಚಿಂದಿಪುರದಲ್ಲಿ ಹಳೆಯ ಕಾಲ ಮುಗಿಯಿತು ಅಂತ ವಿಭೂತಿಭೂಷಣರು ಒಂದೇ ವಾಕ್ಯದಲ್ಲಿ ಹೇಳಿ ಆ ಭಾಗ ಮುಗಿಸುತ್ತಾರೆ. ಕಾದಂಬರಿಕಾರನಿಗೆ ಆ ವಾಕ್ಯ ಇದೆ. ರಾಯ್ ಅವರಿಗೆ ಇಲ್ಲ. ಅದಕ್ಕೆ ಅವರು ಮುದುಕಿಯನ್ನು ಮುಂದೆ ಬದುಕಿಸಿದರು. ಮಕ್ಕಳಿಬ್ಬರೂ ಬಿದಿರುಮೆಳೆಯ ದಾರಿಯಲ್ಲಿ ಬರುವಾಗ ಅವಳು ಕೂತಿದ್ದಾಳೆ. ದುರ್ಗಾ ಆಟಕ್ಕೆ ಅಲ್ಲಾಡಿಸುತ್ತಾಳೆ. ಮುದುಕಿ ಪಕ್ಕಕ್ಕೆ ಉರುಳುತ್ತಾಳೆ, ಅವಳ ತಂಬಿಗೆ ದಡದಿಂದ ನೀರಿಗೆ ಉರುಳಿಹೋಗುತ್ತದೆ. ಒಂದು ಕಾಲ ಮುಗಿಯಿತು ಅನ್ನುವುದು ಇಲ್ಲಿ ಒಬ್ಬ ಹುಡುಗಿಯ ಕೈಗೆ ತಣ್ಣಗೆ ತಗುಲುತ್ತದೆ. ಆ ಪಾತ್ರ ಮಾಡಿದ ಚುನಿಬಾಲಾ ದೇವಿ ಎಂಬತ್ತರ ಹತ್ತಿರದ ಹಳೆಯ ರಂಗನಟಿ.

ರೈಲಿನದೂ ಹೀಗೇ. ಪುಸ್ತಕದಲ್ಲಿ ದುರ್ಗಾ ರೈಲು ನೋಡದೇ ಸಾಯುತ್ತಾಳೆ, ಅಪು ಆಮೇಲೆ ನೋಡುತ್ತಾನೆ. ಅಕ್ಕನಿಗೆ ತೋರಿಸಲಾಗಲಿಲ್ಲ ಅನ್ನುವ ನೋವು ಅವನ ಜೊತೆ ಎಷ್ಟೋ ಪುಟ ನಡೆಯುತ್ತದೆ. ಸಿನಿಮಾದಲ್ಲಿ ಕಾಶ ಹುಲ್ಲಿನ ಹೂವಿನ ಬಯಲಲ್ಲಿ ಇಬ್ಬರೂ ಓಡುತ್ತಾರೆ, ರೈಲು ಬಂದು ಹೋಗುತ್ತದೆ. ನಿಜ ಹೇಳಬೇಕೆಂದರೆ ಇಲ್ಲಿ ನನಗೆ ಪುಸ್ತಕವೇ ಹೆಚ್ಚು. ಆ ಬಯಲಿನ ದೃಶ್ಯವೇ ರಾಯ್ ಅವರ ಮೊದಲ ದಿನದ ಶೂಟಿಂಗ್, 1952ರ ಅಕ್ಟೋಬರ್. ಒಂದು ವಾರ ಬಿಟ್ಟು ಉಳಿದದ್ದನ್ನು ತೆಗೆಯಲು ಹೋದರೆ ದನಗಳು ಹೂವೆಲ್ಲ ಮೇಯ್ದಿದ್ದವು. ಮುಂದಿನ ವರ್ಷ ಹೂ ಬಿಡುವ ತನಕ ಕಾದರು. ಅಷ್ಟು ಕಷ್ಟಪಟ್ಟ ದೃಶ್ಯ ಚಂದ ಇದೆ, ಆದರೆ ಪುಸ್ತಕದ ಆ ಕೊರತೆ ಅಲ್ಲಿ ಇಲ್ಲ.

ನನ್ನ ಮಾತು ಪೂರ್ತಿ ಬೆಳಕಿಗೆ ಬರುವುದು ಕರಡಿಗೆಯಲ್ಲಿ. ನೀವು ಓದಿದ್ದೀರಿ, ನೆನಪಿರಬೇಕು. ದುರ್ಗಾಳ ಮೇಲೆ ಒಂದು ಪುಟ್ಟ ಚಿನ್ನದ ಕರಡಿಗೆ ಕದ್ದ ಆರೋಪ ಬರುತ್ತದೆ, ಹೊಡೆತ ತಿನ್ನುತ್ತಾಳೆ. ಅವಳು ಸತ್ತ ಮೇಲೆ, ಊರು ಬಿಟ್ಟು ಹೊರಡುವಾಗ, ಅಪುವಿಗೆ ಅದು ಮನೆಯಲ್ಲಿ ಸಿಗುತ್ತದೆ. ಅಕ್ಕ ನಿಜವಾಗಿ ಕದ್ದಿದ್ದಳು. ಅವನು ಯಾರಿಗೂ ಹೇಳುವುದಿಲ್ಲ. ಬಿದಿರುಮೆಳೆಯ ಒಳಗೆ ಎಸೆದುಬಿಡುತ್ತಾನೆ. ಸಿನಿಮಾದಲ್ಲಿ ಕರಡಿಗೆ ಇಲ್ಲ, ಮಣಿಸರ ಇದೆ. ಬಿದಿರುಮೆಳೆ ಇಲ್ಲ, ಪಾಚಿ ಕಟ್ಟಿದ ಕೊಳ ಇದೆ. ಸರ ಬಿದ್ದ ಕಡೆ ಪಾಚಿ ಸರಿಯುತ್ತದೆ, ಕಪ್ಪು ನೀರು ಕಾಣುತ್ತದೆ, ನಿಧಾನವಾಗಿ ಪಾಚಿ ಮತ್ತೆ ಮುಚ್ಚಿಕೊಳ್ಳುತ್ತದೆ. ವಸ್ತು ಬದಲಾಯಿತು, ಜಾಗ ಬದಲಾಯಿತು. ತಮ್ಮ ಅಕ್ಕನ ಮಾನ ಕಾಪಾಡುವುದು ಮಾತ್ರ ಹಾಗೇ ಇದೆ. ಇದನ್ನು ಮೋಸ ಅಂತ ನಾನು ಕರೆಯಲಾರೆ. ನೀವು ಅತ್ತದ್ದು ಇದಕ್ಕಾಗಿಯೇ ಆಗಿದ್ದರೆ, ವಿಭೂತಿಭೂಷಣರು ಬರೆದದ್ದಕ್ಕೇ ಅತ್ತಿದ್ದೀರಿ.

ಮೋಸ ಅನ್ನಬಹುದಾದ ಬದಲಾವಣೆಯೂ ಇದೆ. ಮಹಾಶ್ವೇತಾ ದೇವಿಯವರ 'ರುದಾಲಿ' ಕಥೆಯಲ್ಲಿ ಶನಿಚರಿಗೆ ತನ್ನವರು ಸತ್ತಾಗ ಅಳಲು ಪುರುಸೊತ್ತಿಲ್ಲ. ಕೊನೆಗೆ ಅಳುವುದೇ ಕೂಲಿಯಾಗುತ್ತದೆ. ಇಷ್ಟು ಅತ್ತರೆ ಇಷ್ಟು ದುಡ್ಡು. ಜಮೀನ್ದಾರರ ಸಾವಿನ ಮೇಲೆ ಬಡವರು ಹೊಟ್ಟೆ ಹೊರೆಯುವ ಕಥೆ ಅದು. ಭಿಖ್ನಿ ಅವಳ ಬಾಲ್ಯದ ಗೆಳತಿ. 1993ರ ಹಿಂದಿ ಸಿನಿಮಾ ಅದನ್ನು ರಾಜಸ್ಥಾನಕ್ಕೆ ಒಯ್ದಿತು, ಭಿಖ್ನಿಯನ್ನು ಅವಳ ತಾಯಿ ಮಾಡಿತು, ಆ ಸುದ್ದಿ ಕೇಳಿ ಅವಳ ಕಣ್ಣೀರು ಒಡೆಯುವ ಹಾಗೆ ಮಾಡಿತು. ಹಾಡು ಚೆನ್ನಾಗಿವೆ, ನಟನೆ ಚೆನ್ನಾಗಿದೆ. ಆದರೆ ಕೂಲಿಯ ಕಥೆ ಕರುಳಿನ ಕಥೆ ಆಯಿತು. ಊರು ಬದಲಾದದ್ದಕ್ಕೆ ನನ್ನ ತಕರಾರಿಲ್ಲ. ಕಥೆಯ ಬೆನ್ನುಮೂಳೆ ಬದಲಾಯಿತು, ಅದಕ್ಕೆ ತಕರಾರು.

ಇಷ್ಟು ತಿಳಿದುಕೊಂಡು ನಿಮ್ಮ ನಾಟಕಕ್ಕೆ ಬರೋಣ.

ಪೂರ್ತಿ ಕಾದಂಬರಿ ಆಡುವ ಆಸೆ ಬಿಡಿ. ಮೂರು ಗಂಟೆಯಲ್ಲಿ ಎಲ್ಲ ಸೇರಿಸಲು ಹೊರಟರೆ ಪಾತ್ರಗಳು ಬಂದು ತಮ್ಮ ಸುದ್ದಿ ಹೇಳಿ ಹೋಗುತ್ತವೆ, ಅಷ್ಟೇ. ಒಂದು ತುಂಡು ಹಿಡಿಯಿರಿ. ಎರಡನೇ ಭಾಗ 'ಆಮ್ ಆಂಟೀರ್ ಭೇಂಪು', ಅಂದರೆ ಮಾವಿನ ಓಟೆಯ ಪೀಪಿ, ಅಕ್ಕ ತಮ್ಮನದು. ರಾಯ್ ಕೂಡ ಮೊದಲು ಇದಕ್ಕೇ ಸಿಕ್ಕಿಬಿದ್ದದ್ದು. ಮಕ್ಕಳಿಗಾಗಿ ಚಿಕ್ಕದು ಮಾಡಿದ ಆವೃತ್ತಿಗೆ 1940ರ ದಶಕದಲ್ಲಿ ಚಿತ್ರ ಬರೆಯುವಾಗ ಈ ಕಥೆ ಅವರ ತಲೆ ಹೊಕ್ಕಿತು. ನಿಮ್ಮ ಶಾಲೆಯ ಮಕ್ಕಳೂ ಇರುವುದರಿಂದ ಈ ಭಾಗ ಸರಿಹೊಂದುತ್ತದೆ. ಇದರಲ್ಲಿ ಅಪಾಯ ಒಂದೇ, ಬಡತನ ಮುದ್ದಾಗಿ ಕಾಣಿಸಿಬಿಡಬಹುದು. ಮಕ್ಕಳ ತಾಯಿ ಸರ್ವಜಯಾಳ ಸಿಟ್ಟು, ಅವಳ ಸಣ್ಣತನ, ಮುದುಕಿಗೆ ಅನ್ನ ಹಾಕಲು ಅವಳು ಗೊಣಗುವುದು, ಇದನ್ನು ಕತ್ತರಿಸಬೇಡಿ. ಆ ತಾಯಿ ಒಳ್ಳೆಯವಳಾದಷ್ಟೂ ನಾಟಕ ಕೆಡುತ್ತದೆ.

ಪುಸ್ತಕದ ದನಿಗೆ ಒಬ್ಬ ಕಥೆಗಾರನನ್ನು ಸ್ಟೇಜಿಗೆ ತರುವುದು ಇನ್ನೊಂದು ದಾರಿ. ನಮ್ಮ ಭಾಗವತರ ಪದ್ಧತಿ ನಿಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ ಅಲ್ವಾ? 'ಪಾಂಚಾಲಿ' ಅನ್ನುವುದೇ ಬಂಗಾಳದಲ್ಲಿ ಕಥೆ ಹಾಡಿ ಹೇಳುವ ಒಂದು ಪ್ರಕಾರ, ಹಾಗಾಗಿ ಇದು ಹೆಸರಿಗೂ ಒಪ್ಪುತ್ತದೆ. ಆದರೆ ಆ ಕಥೆಗಾರ ನಟರ ಕೆಲಸ ಕದಿಯದ ಹಾಗೆ ನೋಡಿಕೊಳ್ಳಿ. ಮಳೆ ಬಂತು, ವರ್ಷ ಕಳೆಯಿತು ಅನ್ನುವುದನ್ನು ಅವನು ಹೇಳಲಿ. ದುರ್ಗಾಳಿಗೆ ಏನನ್ನಿಸಿತು ಅನ್ನುವುದನ್ನು ಹೇಳಬಾರದು.

ಇದನ್ನು ನಾನು ಕಷ್ಟಪಟ್ಟು ಕಲಿತೆ. ಟಾಗೋರರ 'ನಷ್ಟನೀಡ'ವನ್ನು ಒಂದು ತಂಡಕ್ಕೆ ರಂಗರೂಪ ಮಾಡಿದ್ದೆ. 1901ರ ನೀಳ್ಗತೆ, ರಾಯ್ ಅದರಿಂದ 1964ರಲ್ಲಿ 'ಚಾರುಲತಾ' ಮಾಡಿದರು. ಕಥಾನಾಯಕಿ ಚಾರುವಿನ ಒಳಗಿನದ್ದೆಲ್ಲ ಪುಸ್ತಕದಲ್ಲಿ ಟಾಗೋರರು ಹೇಳುತ್ತಾರೆ. ನಾನು ಅದನ್ನೆಲ್ಲ ಸ್ವಗತ ಮಾಡಿ ಅವಳ ಬಾಯಿಗೆ ಹಾಕಿದ್ದೆ. ರಿಹರ್ಸಲ್‌ನಲ್ಲಿ ಚಾರು ಆಗಿದ್ದ ಹುಡುಗಿ ಗಂಡನ ಸೋದರಸಂಬಂಧಿ ಅಮಲನ ಚಪ್ಪಲಿಗೆ ಕಸೂತಿ ಹಾಕುತ್ತಾ ಸ್ವಗತ ಹೇಳುತ್ತಿದ್ದಳು. ನಡುವೆ ಸೂಜಿ ಕೆಳಗಿಟ್ಟು, "ಸರ್, ಇಷ್ಟೆಲ್ಲ ಅವಳಿಗೇ ಗೊತ್ತಿದ್ರೆ ಮನೆ ಒಡೀತಾನೇ ಇರ್ಲಿಲ್ಲ" ಅಂದಳು. ಎರಡು ಪುಟ ಸ್ವಗತ ಅವತ್ತೇ ಹೊಡೆದುಹಾಕಿದೆವು. ಸೂಜಿ ಉಳಿಯಿತು.

ಅದೇ ಕಥೆಯನ್ನು ರಾಯ್ ಹೇಗೆ ದಾಟಿಸಿದರು ನೋಡಿ. ಪುಸ್ತಕದಲ್ಲಿ ಚಾರು ಒಡವೆ ಅಡವಿಟ್ಟು ವಿಲಾಯಿತಿಯಲ್ಲಿರುವ ಅಮಲನಿಗೆ ಗುಟ್ಟಾಗಿ ತಂತಿ ಕಳಿಸುತ್ತಾಳೆ. 'ಚೆನ್ನಾಗಿದ್ದೇನೆ' ಅನ್ನುವ ಮರುತಂತಿ ಗಂಡ ಭೂಪತಿಯ ಕಣ್ಣಿಗೆ ಬೀಳುತ್ತದೆ. ಸಿನಿಮಾದಲ್ಲಿ ತಂತಿ ಇಲ್ಲ. ಅಮಲನ ಕಾಗದ ಬಂದಿದೆ, ಅವಳು ಒಬ್ಬಳೇ ಇದ್ದೇನೆ ಅಂದುಕೊಂಡು ಬಿಕ್ಕಿ ಅಳುತ್ತಾಳೆ, ಭೂಪತಿ ನೋಡಿಬಿಡುತ್ತಾನೆ. ಕೊನೆಗೆ, ಪುಸ್ತಕದ ಭೂಪತಿ ಪತ್ರಿಕೆಯ ಕೆಲಸಕ್ಕೆ ಹೊರಡುವುದು ನಮ್ಮ ಮೈಸೂರಿಗೆ. ತನ್ನನ್ನೂ ಕರೆದುಕೊಂಡು ಹೋಗು ಅನ್ನುತ್ತಾಳೆ ಚಾರು. ಅವನು ಮೊದಲು ತಡವರಿಸುತ್ತಾನೆ, ಕೊನೆಗೆ 'ಬಾ' ಅನ್ನುತ್ತಾನೆ. ಅವಳು "ಬೇಡ, ಇರಲಿ" ಅನ್ನುತ್ತಾಳೆ. ಬಂಗಾಳಿಯಲ್ಲಿ 'ನಾ, ಥಾಕ್', ಎರಡೇ ಮಾತು. ಸಿನಿಮಾದಲ್ಲಿ ಮೈಸೂರೂ ಇಲ್ಲ, ಆ ಮಾತೂ ಇಲ್ಲ. ಬಾಗಿಲ ಬಳಿ ಎರಡು ಕೈ ಚಾಚಿಕೊಳ್ಳುತ್ತವೆ, ಸೇರುವ ಮೊದಲೇ ಚಿತ್ರ ನಿಂತುಬಿಡುತ್ತದೆ. ಮೂಲ ಬಿಟ್ಟರು ಅಂತ ಟೀಕೆ ಬಂದಾಗ ರಾಯ್ ಒಂದೊಂದು ಬದಲಾವಣೆಗೂ ಕಾರಣ ಕೊಟ್ಟು ಉದ್ದದ ಉತ್ತರ ಬರೆದರು.

ಕಥೆಯನ್ನು ಮಲೆನಾಡಿಗೇ ತಂದು ಆಡಬಹುದಾ ಅಂತ ಕೆಲವರು ಕೇಳುತ್ತಾರೆ. ಆಗುತ್ತದೆ. ಬಿದಿರುಮೆಳೆ, ಮಳೆ, ಪುರೋಹಿತನ ಬಡ ಮನೆ ನಿಮ್ಮಲ್ಲೂ ಇವೆ. ಆದರೆ ಕುಲೀನ ಪದ್ಧತಿ ಇಲ್ಲ, ಹಾಗಾಗಿ ಇಂದಿರ್ ಯಾಕೆ ಆ ಮನೆಯಲ್ಲಿದ್ದಾಳೆ ಅನ್ನುವುದಕ್ಕೆ ಬೇರೆ ಕಾರಣ ಹುಡುಕಬೇಕಾಗುತ್ತದೆ. ಮೊದಲ ಪ್ರಯತ್ನದಲ್ಲೇ ಇದಕ್ಕೆ ಕೈ ಹಾಕಬೇಡಿ ಅನ್ನುವುದು ನನ್ನ ಸಲಹೆ. ನಿಶ್ಚಿಂದಿಪುರ ನಿಶ್ಚಿಂದಿಪುರವಾಗಿಯೇ ಇರಲಿ, ಮಾತು ಮಾತ್ರ ನಿಮ್ಮ ಮನೆಯ ಕನ್ನಡ ಆಗಲಿ. ಸರ್ವಜಯಾ ಗ್ರಂಥದ ಭಾಷೆ ಆಡಿದರೆ ಮಕ್ಕಳೂ ನಂಬುವುದಿಲ್ಲ.

ಅನುಮತಿ ವಿಷಯ ಸರಳ. ನಮ್ಮಲ್ಲಿ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ವಿಭೂತಿಭೂಷಣರು 1950ರಲ್ಲಿ ತೀರಿಕೊಂಡರು, ಅವರ ಮೂಲ 2011ರಿಂದ ಎಲ್ಲರದು. ಬಂಕಿಮ, ಶರತ್, ಟಾಗೋರ್, ಮಾಣಿಕ್ ಬಂದ್ಯೋಪಾಧ್ಯಾಯರದೂ ಹಾಗೇ. ಕಾದಂಬರಿಕಾರ ತಾರಾಶಂಕರ ಬಂದ್ಯೋಪಾಧ್ಯಾಯರು 1971ರಲ್ಲಿ, ಮಹಾಶ್ವೇತಾ ದೇವಿ 2016ರಲ್ಲಿ ತೀರಿಕೊಂಡದ್ದು, ಅವರ ಕೃತಿಗಳಿಗೆ ಕೇಳಲೇಬೇಕು. ಎಲ್ಲರೂ ಎಡವುವುದು ಅನುವಾದದಲ್ಲಿ. ನಿಮ್ಮ ಕೈಯಲ್ಲಿರುವ ಅನುವಾದಕ್ಕೆ ಅನುವಾದಕರ ಹಕ್ಕು ಬೇರೆ ಇದೆ. ಅದರ ಮಾತುಗಳನ್ನೇ ಬಳಸುವುದಾದರೆ ಪ್ರಕಾಶಕರಿಗೆ ಒಂದು ಕಾಗದ ಬರೆಯಿರಿ, ಸಣ್ಣ ತಂಡ ಅಂದರೆ ಬಹಳ ಜನ ಸಂತೋಷದಿಂದ ಒಪ್ಪುತ್ತಾರೆ. 1955ರ ಸಿನಿಮಾದ 60 ವರ್ಷ ಮುಗಿದಿದ್ದರೂ ರಾಯ್ ಅವರ ಚಿತ್ರಕಥೆಗೂ ರವಿಶಂಕರರ ಸಂಗೀತಕ್ಕೂ ಬೇರೆ ಲೆಕ್ಕ. ಹಾಗಾಗಿ ಕೊಳಕ್ಕೆ ಬೀಳುವ ಮಣಿಸರ, ಉರುಳುವ ತಂಬಿಗೆ ಇವನ್ನು ಎತ್ತಿಕೊಳ್ಳಬೇಡಿ. ಅವು ರಾಯ್ ಕಂಡುಕೊಂಡದ್ದು. ಕರಡಿಗೆ ನಿಮ್ಮದು.

ಬಂಗಾಳಿ ಬರುವುದಿಲ್ಲ ಅನ್ನುವ ಅಳುಕು ಬೇಡ. ನೂರು ವರ್ಷಕ್ಕೂ ಹಿಂದೆ ಬಿ. ವೆಂಕಟಾಚಾರ್ಯರು ಬಂಗಾಳಿ ಕಲಿತು ಬಂಕಿಮರ ಕಾದಂಬರಿಗಳನ್ನು ಒಂದೊಂದಾಗಿ ಕನ್ನಡಕ್ಕೆ ತಂದರು. ಕನ್ನಡದಲ್ಲಿ ಕಾದಂಬರಿ ಓದುವ ರುಚಿ ಹತ್ತಿದ ಎಷ್ಟೋ ಮನೆಗಳಿಗೆ ಅದು ಹತ್ತಿದ್ದು ಅವರಿಂದ. ಆ ಓದುಗರಲ್ಲಿ ಎಷ್ಟು ಜನಕ್ಕೆ ಬಂಗಾಳಿ ಬರುತ್ತಿತ್ತು? ಇನ್ನೊಂದು ಅನುವಾದ ಸಿಕ್ಕರೆ, ಇಂಗ್ಲಿಷಿನದಾದರೂ ಸರಿ, ಪಕ್ಕದಲ್ಲಿ ಇಟ್ಟುಕೊಳ್ಳಿ. ಎರಡೂ ಬೇರೆ ಬೇರೆ ಹೇಳುವ ಕಡೆ ಗುರುತು ಹಾಕಿ ನನಗೆ ಕಳಿಸಿ, ಮೂಲ ನೋಡಿ ಹೇಳುತ್ತೇನೆ.

ಶುರು ಎಲ್ಲಿಂದ ಅಂತ ಕೇಳಿದರೆ, ಸ್ಕ್ರಿಪ್ಟ್ ಬರೆಯುವ ಮೊದಲು ಒಂದು ಸಂಜೆ ಹೀಗೆ ಮಾಡಿ ನೋಡಿ. ಅಪು ಆಗುವ ಹುಡುಗನಿಗೆ ಒಂದು ಪುಟ್ಟ ಡಬ್ಬಿ ಕೊಡಿ. ಆ ಕಡೆ ಅಪ್ಪ ಅಮ್ಮ ಗಂಟುಮೂಟೆ ಕಟ್ಟುತ್ತಿರಲಿ, ಗಾಡಿ ಬಂತು ಅಂತ ಯಾರೋ ಕೂಗಲಿ. ಈ ಕಡೆ ಹಳೆಯ ಪಾತ್ರೆಯೊಳಗೆ ಅವನ ಕೈಗೆ ಡಬ್ಬಿ ಸಿಗಲಿ. ನಿಮ್ಮ ಸ್ಟೇಜಿನಲ್ಲಿ ಬಿದಿರುಮೆಳೆ ಇಲ್ಲ, ಕೊಳವೂ ಇಲ್ಲ. ಮಾತಿಲ್ಲದೆ, ಯಾರ ಕಣ್ಣಿಗೂ ಬೀಳದೆ ಅದನ್ನು ಎಲ್ಲಿ ಬಚ್ಚಿಡುತ್ತೀಯ ಅಂತ ಅವನನ್ನೇ ಕೇಳಿ.